ಬೇಲೂರಿನ ಗುಡಿಗೆ ಶಿಖರ ಏಕಿಲ್ಲ?

ಹಳೆಯ ಕಟ್ಟಡಗಳ ಸಂರಕ್ಷಣೆಯನ್ನೇ ವೃತ್ತಿ ಮಾಡಿಕೊಂಡ ನನ್ನನ್ನು ಬೇಲೂರಿನ ಬಗ್ಗೆ ಜನ ಹೆಚ್ಚಾಗಿ ಕೇಳುವುದು ಮದನಿಕೆಯರ ವಿಚಾರವನ್ನಲ್ಲ, ಶಿಖರದ ವಿಚಾರವನ್ನು. ‘ಗೋಡೆಯ ಮೇಲೆ ಅಂಗೈಯಗಲ ಜಾಗವನ್ನೂ ಖಾಲಿ ಬಿಡದವರು ತಲೆಯ ಮೇಲೆ ಮಾತ್ರ ಬೋಳಾಗಿ ಬಿಟ್ಟರೇ?’ ಬಿಟ್ಟಿರಲಿಲ್ಲ. ಗರ್ಭಗುಡಿಯ ಮೇಲೆ ಇಟ್ಟಿಗೆ, ಗಾರೆ, ಮರಗಳ ಶಿಖರವಿತ್ತು. ಅದು ಮತ್ತೆ ಮತ್ತೆ ಶಿಥಿಲವಾಗಿ, ಮತ್ತೆ ಮತ್ತೆ ದುರಸ್ತಿ ಕಂಡಿತು. ಕೊನೆಗೆ 19ನೇ ಶತಮಾನದ ಉತ್ತರಾರ್ಧದಲ್ಲಿ, ಕೆಳಗಿನ ಗರ್ಭಗುಡಿಯಾದರೂ ಉಳಿಯಲಿ ಎಂದು ಅದನ್ನು ಬಿಚ್ಚಿ ಇಳಿಸಲಾಯಿತು. ಇಂದು ಕಾಣುವ ಚಪ್ಪಟೆ ನೆತ್ತಿ ಹೊಯ್ಸಳರ ವಿನ್ಯಾಸವಲ್ಲ.

ಹೊಯ್ಸಳರಿಗೆ ಕಲ್ಲಿನ ಶಿಖರ ಕಟ್ಟಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. ಬೇಲೂರಿಗಿಂತ ಕೆಲವೇ ವರ್ಷ ಮೊದಲು ಕಟ್ಟಿದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಕಲ್ಲಿನ ಶಿಖರಗಳು ಇಂದಿಗೂ ನಿಂತಿವೆ. 1268ರ ಸೋಮನಾಥಪುರದಲ್ಲಿ ಮೂರಕ್ಕೆ ಮೂರೂ ಉಳಿದಿವೆ. ವ್ಯತ್ಯಾಸವಿರುವುದು ಅಳತೆಯಲ್ಲಿ. ಬೇಲೂರಿನ ವಿಮಾನ, ಅಂದರೆ ಗರ್ಭಗುಡಿ ಮತ್ತು ಅದರ ಮೇಲಿನ ಕಟ್ಟಡ, ಆ ಗುಡಿಗಳಿಗಿಂತ ಬಹಳ ದೊಡ್ಡದು. ಅಷ್ಟು ಅಗಲದ ತಳದ ಮೇಲೆ ಪೂರ್ತಿ ಕಲ್ಲಿನ ಶಿಖರ ಏರಿಸಿದರೆ ಭಾರವೆಲ್ಲ ಗರ್ಭಗುಡಿಯ ಗೋಡೆಗಳ ಮೇಲೆ ಬೀಳುತ್ತದೆ. ಇಟ್ಟಿಗೆಯನ್ನು ಆರಿಸಿಕೊಂಡದ್ದು ಈ ಲೆಕ್ಕದಿಂದಲೇ ಎಂಬುದು ನನ್ನ ಅಭಿಪ್ರಾಯ. ಆದರೆ ಬೇಲೂರು ಮಲೆನಾಡಿನ ಅಂಚಿನ ಊರು. ಗಾರೆ ಬಿರುಕು ಬಿಟ್ಟಲ್ಲಿ ಮಳೆಯ ನೀರು ಇಳಿಯುತ್ತದೆ, ಇಟ್ಟಿಗೆ ನೀರು ಕುಡಿಯುತ್ತದೆ, ಒಳಗಿನ ಮರ ಕೊಳೆಯುತ್ತದೆ, ಬಿರುಕಿನಲ್ಲಿ ಬಿದ್ದ ಬೀಜ ಬೇರು ಬಿಡುತ್ತದೆ.

ಆ ಶಿಖರ ಹೇಗಿತ್ತು? ಸುಳಿವು ಗುಡಿಯ ಮೆಟ್ಟಿಲುಗಳ ಬಳಿಯೇ ಇದೆ, ನೋಡುವವರು ಕಡಿಮೆ. ಪ್ರವೇಶದ ಅಕ್ಕಪಕ್ಕ ನಿಂತಿರುವ ಪುಟ್ಟ ಗುಡಿಗಳಿಗೆ ಭೂಮಿಜ ಶೈಲಿಯ ಶಿಖರಗಳಿವೆ: ಕಿರುಗೋಪುರಗಳು ಸಾಲುಸಾಲಾಗಿ ಮೇಲೇರಿ ಹೋಗುವ ಬಗೆ. ಮೂಲ ಶಿಖರವೂ ಇದೇ ಬಗೆಯದ್ದಾಗಿರಬೇಕು ಎಂದು ವಿದ್ವಾಂಸರು ಊಹಿಸುತ್ತಾರೆ. ನಕ್ಷತ್ರಾಕಾರದ ತಳವಿನ್ಯಾಸಕ್ಕೂ ಅದು ಒಪ್ಪುತ್ತದೆ.

ಶಿಖರದ ಮಾತು ಇಷ್ಟು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಒಳಗಿನ ಕತ್ತಲೆ. ಗರ್ಭಗುಡಿಯ ಮುಂದಿನ ಮಂಟಪವಾದ ನವರಂಗಕ್ಕೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮಾರ್ಗದರ್ಶಿಗಳು ದೀಪ ಹಿಡಿದು ಮೋಹಿನಿ ಕಂಬವನ್ನು ತೋರಿಸುತ್ತಾರೆ. ‘ಭಕ್ತಿಭಾವ ಮೂಡಲೆಂದೇ ಕತ್ತಲೆ ಇಟ್ಟಿದ್ದಾರೆ’ ಎಂಬ ವಿವರಣೆಯನ್ನೂ ಕೇಳಿದ್ದೇನೆ. ಆದರೆ 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಇಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದಾಗ ಈ ಮಂಟಪ ತೆರೆದಿತ್ತು. ಸುತ್ತ ಮೋಟುಗೋಡೆ, ಅದರ ಮೇಲೆ ಕಂಬಗಳು, ಕಂಬಗಳ ನಡುವೆ ಗಾಳಿ ಬೆಳಕು. ಕಂಬಗಳ ನಡುವಿನ ಜಾಲಂದ್ರಗಳೂ (ಕಿಂಡಿ ಕೊರೆದ ಕಲ್ಲಿನ ಪರದೆಗಳು) ಬಾಗಿಲುಗಳೂ ಬಂದದ್ದು ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಹೊರಗೆ ನಿಂತು ಒಂದು ಜಾಲಂದ್ರದ ಅಂಚನ್ನು ಗಮನಿಸಿ: ಅದು ಕಂಬಕ್ಕೆ ತಾಗುವ ಕಡೆ, ಕಂಬ ಮೊದಲು ಬಂದದ್ದು, ಜಾಲಂದ್ರ ಆಮೇಲೆ ಕೂಡಿಸಿದ್ದು ಎಂಬುದು ಕಣ್ಣಿಗೇ ಕಾಣುತ್ತದೆ. ಹೀಗಾಗಿ ಪೂರ್ವದ ಬಾಗಿಲ ಪಕ್ಕದ ಜಾಲಂದ್ರದ ರಾಜಸಭೆಯನ್ನು ‘ವಿಷ್ಣುವರ್ಧನನ ದರ್ಬಾರು’ ಎಂದು ತೋರಿಸಿದಾಗ, ಕೆತ್ತಿದವರು ಅವನನ್ನು ಕಣ್ಣಾರೆ ಕಂಡವರು ಎಂದುಕೊಳ್ಳಬಾರದು.

ಬೆಳಕು ಹೇರಳವಾಗಿದ್ದ ಕಾಲದಲ್ಲಿ ಈ ಮಂಟಪದ ಕಂಬಗಳು ಹೇಗೆ ಕಂಡಿರಬೇಡ! ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಕಣ ನುಣುಪು, ಉಳಿಗೆ ಬೇಗ ಒಗ್ಗುತ್ತದೆ. ಅದನ್ನು ಯಂತ್ರದ ಮೇಲೆ ತಿರುಗಿಸಿ ಕಡೆದ ಕಂಬಗಳ ಹೊಳಪಿನ ಉಂಗುರಗಳನ್ನು ಓರೆಬೆಳಕಿನಲ್ಲೇ ನೋಡಬೇಕು. ನರಸಿಂಹ ಕಂಬ ಒಂದು ಕಾಲಕ್ಕೆ ತಿರುಗುತ್ತಿತ್ತು ಎಂಬ ಕಥೆಯನ್ನು ಮಾತ್ರ ನಾನು ಒಪ್ಪಲಾರೆ. ಮೇಲಿನ ತೊಲೆಗಳ ಭಾರ ಹೊತ್ತ ಕಂಬವನ್ನು ಕೈಯಿಂದ ತಿರುಗಿಸುವುದು ಸಾಧ್ಯವಿದ್ದರೆ ನನಗೆ ಮೊದಲು ಸೂರಿನ ಚಿಂತೆ ಹತ್ತುತ್ತಿತ್ತು. ಅಂಗಳದ ದೀಪಸ್ತಂಭ ನೆಲಕ್ಕೆ ಪೂರ್ತಿ ತಾಗಿಲ್ಲ ಎಂದು ತೋರಿಸಲು ಅದರ ಅಡಿಯಲ್ಲಿ ಕಾಗದ ತೂರಿಸುವುದರಲ್ಲೂ ಪವಾಡವಿಲ್ಲ. ಗುರುತ್ವ ಕೇಂದ್ರ ಪಾದದ ಒಳಗೇ ಬಿದ್ದರೆ ಕಂಬ ಸ್ವಂತ ತೂಕದಿಂದ ನಿಲ್ಲುತ್ತದೆ. ಒಂದು ಕಡೆ ಸಣ್ಣ ಸಂದಿಯಿದ್ದರೂ ಉಳಿದ ಕಡೆ ಊರಿರುತ್ತದೆ. ಮೆಚ್ಚಬೇಕಾದದ್ದು ಅಷ್ಟೆತ್ತರದ ಕಲ್ಲನ್ನು ಹಾಗೆ ನಿಲ್ಲಿಸಿದ ಕೈಚಳಕವನ್ನು.

ನವರಂಗದ ನಡುವಿನ ಭುವನೇಶ್ವರಿ, ಅಂದರೆ ಕೆತ್ತನೆಯ ಒಳಚಾವಣಿ, ನಿಜವಾದ ಎಂಜಿನಿಯರಿಂಗ್. ಕಲ್ಲು ಒತ್ತಡವನ್ನು ತಡೆಯುತ್ತದೆ, ಬಾಗಿದರೆ ಬಿರಿಯುತ್ತದೆ. ಆದ್ದರಿಂದ ಕಂಬಗಳ ನಡುವಿನ ದೊಡ್ಡ ಅಂಕಣವನ್ನು ಒಂದೇ ಚಪ್ಪಡಿಯಿಂದ ಮುಚ್ಚುವಂತಿಲ್ಲ. ಚೌಕದ ಮೂಲೆಗಳಿಗೆ ಅಡ್ಡಕಲ್ಲು ಇಟ್ಟು ಎಂಟು ಮೂಲೆ ಮಾಡಿ, ಅದರ ಮೇಲೆ ಒಂದೊಂದೇ ಸುತ್ತನ್ನು ಒಳಕ್ಕೆ ಚಾಚುತ್ತಾ ಗುಮ್ಮಟದ ಆಕಾರ ತಂದಿದ್ದಾರೆ. ಇದು ಕಮಾನಿನ ತತ್ತ್ವದ ಗುಮ್ಮಟವಲ್ಲ. ಪ್ರತಿ ಸುತ್ತಿನ ಚಾಚನ್ನೂ ಹಿಂಬದಿಯ ಭಾರವೇ ಹಿಡಿದಿಡುತ್ತದೆ. ವಿಜಯನಗರದ ಇಮ್ಮಡಿ ಹರಿಹರನ ಕಾಲಕ್ಕೆ ಒಳಗೆ ಗ್ರಾನೈಟ್ ಆಸರೆ ಕಂಬಗಳನ್ನು ಕೊಡಬೇಕಾಯಿತು. ಅವುಗಳಲ್ಲಿ ಅಲಂಕಾರ ಹುಡುಕಬೇಡಿ, ಅವು ಚಿಕಿತ್ಸೆಯ ಗುರುತುಗಳು. ಮಹಾದ್ವಾರದ ಗೋಪುರವೂ ಅದೇ ರಾಜನ ಕಾಲದ ಪುನರ್ನಿರ್ಮಾಣ.

ಹೊರಗಿನ ಮದನಿಕೆಯರ ಬಗ್ಗೆ ಬರೆದವರು ಬಹಳ ಮಂದಿ, ನಾನು ಸೇರಿಸುವುದು ಒಂದೇ ಮಾತು. ಅವರ ಪೀಠಗಳ ಮೇಲಿನ ಅಕ್ಷರಗಳನ್ನು ಓದಿ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ದಂತಕಥೆಯ ಜಕಣಾಚಾರಿಯನ್ನು ಹೊಗಳುವ ಭರದಲ್ಲಿ, ಸಹಿ ಹಾಕಿದವರನ್ನೇ ನಾವು ಮರೆಯುತ್ತೇವೆ.

‘ಶಿಖರವನ್ನು ಈಗ ಮತ್ತೆ ಕಟ್ಟಿಸಬಾರದೇ?’ ಮೊದಲ ಪ್ರಶ್ನೆಯ ಬೆನ್ನಿಗೇ ಬರುವ ಪ್ರಶ್ನೆ ಇದು. ಬೇಡ ಎನ್ನುತ್ತೇನೆ. ಭೂಮಿಜ ಎಂಬ ಊಹೆಯಿಂದ ಅಳತೆ ಸಿಗುವುದಿಲ್ಲ. ಒಂಬತ್ತು ಶತಮಾನ ದಾಟಿದ ಗೋಡೆಗಳ ಮೇಲೆ ಹೊಸ ಭಾರ ಹೇರುವುದು ಅಪಾಯ. ಜಾಲಂದ್ರ ತೆಗೆದು ಮಂಟಪ ತೆರೆಯಿರಿ ಎನ್ನುವವರಿಗೂ ಇದೇ ಉತ್ತರ: ಬಲ್ಲಾಳನ ಕಾಲದ ಕೆಲಸವೂ ಎಂಟುನೂರು ವರ್ಷ ಹಳೆಯದೇ. 2023ರಲ್ಲಿ ಹಳೇಬೀಡು, ಸೋಮನಾಥಪುರಗಳೊಂದಿಗೆ ಬೇಲೂರು ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಇಂಥ ಸಲಹೆಗಳು ಹೆಚ್ಚಿವೆ. ಹಣವಿದ್ದರೆ ಮೊದಲು ಸೂರಿನ ನೀರು ಹರಿದುಹೋಗುವ ದಾರಿಗಳನ್ನು ಪ್ರತಿ ಮುಂಗಾರಿಗೆ ಮೊದಲು ಶುಚಿ ಮಾಡಲಿ, ಸಂದುಗಳಿಗೆ ಸುಣ್ಣದ ಗಾರೆ ತುಂಬಲಿ, ಸಿಮೆಂಟನ್ನು ಹತ್ತಿರ ಸುಳಿಯಗೊಡದಿರಲಿ.