ಗ್ರಾಫಾನಾದಾಗ ಲೈನಿನ ಬಣ್ಣ ಯಾಕ ಅದಲು ಬದಲು ಆಗ್ತಾವ?

ಕಂಪ್ಯೂಟರ್ ಹೆಂಗ ನಡದಾವ ಅಂತ ಗ್ರಾಫ್ ಬಿಡಿಸಿ ತೋರಿಸೋ ಸಾಫ್ಟ್‌ವೇರ್ ಗ್ರಾಫಾನಾ. ಅದರ ಬಗ್ಗೆ ಗಂಗಾವತಿಯಿಂದ ಒಬ್ರು ಕೇಳ್ಯಾರ: "ನಮ್ ರೈಸ್ ಮಿಲ್ಲಿನ ಐದು ಕಂಪ್ಯೂಟರ್‌ಗೆ ಗ್ರಾಫಾನಾ ಹಾಕೀವ್ರಿ. ಸಿಪಿಯು ಗ್ರಾಫಿನ್ಯಾಗ ಮುಂಜಾನೆ ನೀಲಿ ಇದ್ದ ಸಿಸಿಟಿವಿ ಮಷಿನ್ನು ಮಧ್ಯಾಹ್ನ ನೋಡಿದ್ರ ಹಳದಿ ಆಗಿರ್ತೈತಿ. ಒಂದೊಂದಕ್ಕ ಒಂದ ಬಣ್ಣ ಖಾಯಂ ಇಡಾದು ಹೆಂಗ್ರಿ?"

ಗ್ರಾಫಾನಾ ತಾನಾಗೇ ಬಣ್ಣ ಕೊಡೋದು ಹೆಸರು ನೋಡಿ ಅಲ್ರಿ, ಮದುವಿ ಪಂಕ್ತ್ಯಾಗ ಬಡಿಸಿದಂಗ ಸಾಲಿನ ಪ್ರಕಾರ. ಮೊದಲನೇದಕ್ಕ ಹಸಿರು, ಆಮ್ಯಾಲೆ ಹಳದಿ, ತಿಳಿ ನೀಲಿ, ಕಿತ್ತಳೆ, ಐದನೇದಕ್ಕ ಕೆಂಪು. ನಿಮ್ಮ ಬ್ಯಾಕಪ್ ಮಷಿನ್ನು ಸಾಲಿನ್ಯಾಗ ಮೊದಲು ಐತಿ, ಅದು ರಾತ್ರಿ ಅಷ್ಟ ಆನ್ ಇರ್ತೈತಿ ಅಂತ ಇಟ್ಕೊಳ್ರಿ, 24 ತಾಸಿಂದು ನೋಡಿದ್ರ ಐದೂ ಲೈನ್ ಬರ್ತಾವ, 1 ತಾಸಿಂದು ನೋಡಿದ್ರ ಅದು ಮಾಯ, ಉಳಿದವೆಲ್ಲಾ ಒಂದೊಂದು ಮನಿ ಮುಂದಕ್ಕ ಸರೀತಾವ, ಬಣ್ಣಾನೂ ಸರೀತಾವ. ಮಷಿನ್ನಿಗೆ ಏನೂ ಆಗಿರಂಗಿಲ್ಲ.

ಪ್ಯಾನಲ್ (ಅಂದ್ರ ಒಂದೊಂದು ಗ್ರಾಫಿನ ಡಬ್ಬಿ) ಎಡಿಟ್ ಮಾಡಿ ಕಲರ್ ಸ್ಕೀಮಿನ್ಯಾಗ 'ಕ್ಲಾಸಿಕ್ ಪ್ಯಾಲೆಟ್ ಬೈ ಸೀರೀಸ್ ನೇಮ್' ಆರಿಸಿದ್ರ ಹೆಸರಿನ ಮ್ಯಾಲೆ ಬಣ್ಣ ನಿಲ್ತೈತಿ, ಆದ್ರ ಎರಡು ಹೆಸರಿಗೆ ಒಂದ ಬಣ್ಣ ಬಿದ್ರೂ ಬೀಳಬಹುದು. ಐದ ಮಷಿನ್ ಅಂದ್ರ ನಾನಾದ್ರ ಓವರ್‌ರೈಡ್ ಹಾಕ್ತೀನ್ರಿ: ಒಂದೊಂದು ಹೆಸರಿಗೆ ಒಂದ ಬಣ್ಣ ನೀವ ಕೈಯಾರೆ ಕೊಡೋದು. ಇಲ್ಲೊಂದು ಕಿರಿಕಿರಿ ಐತಿ. ಮಷಿನ್ನಿನ ಲೆಕ್ಕ ಕೊಡೋ ವಿಂಡೋಸ್ ಎಕ್ಸ್‌ಪೋರ್ಟರ್ ಹಾಕಿದ್ರ ಹೆಸರಿನ ಬಾಲಕ್ಕ 9182 ಅಂತ ಪೋರ್ಟ್ ನಂಬರ್ ಅಂಟ್ಕೊಂಡಿರ್ತೈತಿ, ನಾಳೆ ಲೆಜೆಂಡಿನ್ಯಾಗ (ಗ್ರಾಫಿನ ಹೆಸರಿನ ಪಟ್ಟ್ಯಾಗ) ಅದು ಚಂದ ಕಾಣಂಗಿಲ್ಲ ಅಂತ ತಗದ್ರೋ, ಓವರ್‌ರೈಡಿಗೆ ಆ ಹೆಸರು ಸಿಗಂಗಿಲ್ಲ, ಬಣ್ಣ ಮತ್ತ ಹಳೇ ಕಥಿ. ಅದಕ್ಕ ಪೂರ್ತಿ ಹೆಸರು ಬಿಟ್ಟು, ಹೆಸರಿನ ಒಂದು ತುಂಡು ಕೂಡಿದ್ರ ಸಾಕು ಅನ್ನೋ ರೆಜೆಕ್ಸ್‌ನ್ಯಾಗ ಬರೇ ಮಷಿನ್ ಹೆಸರಷ್ಟ ಬರೀರಿ. ಸಿಪಿಯು, ರ‍್ಯಾಮ್, ಡಿಸ್ಕ್ ಎಲ್ಲಾ ಪ್ಯಾನಲ್‌ಗೂ ಅದ ಓವರ್‌ರೈಡ್ ಇರಲಿ, ಒಂದರಾಗ ಸಿಸಿಟಿವಿ ನೀಲಿ ಇನ್ನೊಂದರಾಗ ನೇರಳೆ ಆದ್ರ ಮಾಡಿದ್ದೆಲ್ಲಾ ದಂಡ.

ಕೆಂಪು ಮಾತ್ರ ಯಾವ ಮಷಿನ್ನಿಗೂ ಕೊಡಬ್ಯಾಡ್ರಿ. ಆರಾಮ ನಡಿಯೋ ವೇಬ್ರಿಜ್ ಕಂಪ್ಯೂಟರ್ ಐದನೇದು ಅಂತ ಕೆಂಪಾಗಿ ಕುಂತ್ರ ಮಾಲಕರು ಫೋನ್ ಮಾಡೇ ಮಾಡ್ತಾರ. ಡಿಸ್ಕ್ 90 ಪರ್ಸೆಂಟ್ ದಾಟ್ತು ಅನ್ನೋ ಥ್ರೆಶೋಲ್ಡಿಗೆ ಅದನ್ನ ಇಟ್ಕೊಳ್ರಿ. ಕೆಂಪು ಹಸಿರು ಬ್ಯಾರೆ ಬ್ಯಾರೆ ಕಾಣದವ್ರೂ ಇರ್ತಾರ, ಹಂಗಾಗಿ ಮುಖ್ಯ ಎರಡಕ್ಕ ನೀಲಿ, ಕಿತ್ತಳೆ ಕೊಟ್ರ ಛಲೋ. ಬ್ಯಾಕಪ್ಪಿಗೆ ಬೂದು ಬಣ್ಣಾನೂ ನಡಿತೈತಿ, ಹಗಲಾಗ ಅದನ್ನ ಯಾರ್ ನೋಡ್ತಾರ.