ಎಲೆ ಹೃದಯದಾಕಾರ ಇದ್ದರೆ ಅದು ಅಮೃತಬಳ್ಳಿನೇನಾ?

ಪ್ರಶ್ನೆ: ನಮ್ಮ ಕಾಂಪೌಂಡ್ ಪಕ್ಕದ ನುಗ್ಗೆಮರಕ್ಕೆ ಯಾವುದೋ ಬಳ್ಳಿ ಹಬ್ಬಿದೆ. ನಾವು ನೆಟ್ಟಿದ್ದಲ್ಲ. ಎಲೆ ವೀಳ್ಯದೆಲೆ ತರಹ ಇದೆ. ಪಕ್ಕದ ಮನೆಯವರು ಅಮೃತಬಳ್ಳಿ, ಕಷಾಯ ಮಾಡಿ ಕುಡೀರಿ ಅಂತಾರೆ. ಹೌದಾ?

ಇರಬಹುದು. ಆದರೆ ಎಲೆಯೊಂದನ್ನೇ ನೋಡಿ ಹೇಳೋಕಾಗಲ್ಲ. ಹೃದಯದಾಕಾರದ ಎಲೆ ಬಳ್ಳಿಗಳ ಲೋಕದಲ್ಲಿ ತುಂಬಾ ಮಾಮೂಲಿ. ನಾನೇ ಒಂದು ಸಲ ಬೇಲಿಯಲ್ಲಿ ಹುಟ್ಟಿದ ಬಳ್ಳಿಗೆ ಎರಡು ತಿಂಗಳು ನೀರು ಹಾಕಿ, ಕೋಲು ಕೊಟ್ಟು, ಬಂದವರಿಗೆಲ್ಲ ಅಮೃತಬಳ್ಳಿ ಅಂತ ತೋರಿಸಿದ್ದೆ. ಮಳೆಗಾಲ ಮುಗಿಯುವಾಗ ಎಲೆಯ ಸಂದಿನಲ್ಲಿ ಸಣ್ಣ ಆಲೂಗಡ್ಡೆಯಂಥ ಕಂದು ಗಡ್ಡೆಗಳು ನೇತಾಡಿದವು. ಅದು ಕಾಡುಗೆಣಸಿನ ಜಾತಿ! ಸರಿಯಾಗಿ ನೋಡಿದ್ದರೆ ಎಲೆಯಲ್ಲೇ ಸುಳಿವಿತ್ತು: ನರಗಳು ಬುಡದಿಂದ ಹೊರಟು, ಬಿಲ್ಲಿನಂತೆ ಬಾಗಿ, ನೇರ ತುದಿಗೆ ಹೋಗಿ ಸೇರುತ್ತಿದ್ದವು.

ಹಾಗಾಗಿ ಎಲೆ ಬಿಡಿ, ಕಾಂಡ ನೋಡಿ. ಬೆರಳು ದಪ್ಪ ಆಗಿರುವ ಹಳೇ ಬಳ್ಳಿ ಹಿಡಿದು ಉಗುರಿನಿಂದ ಸ್ವಲ್ಪ ಕೆರೆಯಿರಿ. ಅಮೃತಬಳ್ಳಿಯಾದರೆ ಮೇಲಿನ ತೆಳು ಸಿಪ್ಪೆ ಕಾಗದದ ಹಾಗೆ ಸುಲಿದು ಬರುತ್ತದೆ, ಒಳಗೆ ಹಸಿರು ಕಾಣುತ್ತದೆ. ಮೇಲೆಲ್ಲ ಸಣ್ಣ ಬಿಳಿ ಚುಕ್ಕಿಗಳಿರುತ್ತವೆ. ಅಡ್ಡಕ್ಕೆ ಒಂದು ತುಂಡು ಕತ್ತರಿಸಿದರೆ ನಡುವಿನಿಂದ ಹೊರಟ ಗೆರೆಗಳು, ಥೇಟ್ ಗಾಡಿಚಕ್ರದ ಕಡ್ಡಿಗಳು. ಎಲೆಯ ತೊಟ್ಟಿನ ಬುಡ ಊದಿಕೊಂಡು ಸ್ವಲ್ಪ ತಿರುಚಿಕೊಂಡಿರುತ್ತದೆ. ಮೇಲಿಂದ ದಾರದಂಥ ಬಿಳಲು ಇಳಿಬಿದ್ದಿದ್ದರೆ ಇನ್ನೂ ಒಳ್ಳೆಯದು. ಬುಡ ಕಡಿದರೂ ಮೇಲಿನ ಬಳ್ಳಿ ಅಷ್ಟು ಬೇಗ ಸಾಯುವುದಿಲ್ಲ, ಬಿಳಲು ಬಿಟ್ಟು ಮತ್ತೆ ಮಣ್ಣು ಹುಡುಕುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಛಿನ್ನರುಹಾ ಅಂತ ಹೆಸರಿದೆ, ಕತ್ತರಿಸಿದರೂ ಬೆಳೆಯುವುದು ಅಂತ ಅರ್ಥ.

ಬೇರೆ ಯಾವುದಿರಬಹುದು? ತೊಟ್ಟು ಎಲೆಯ ಅಂಚಿಗಲ್ಲದೆ ಸ್ವಲ್ಪ ಒಳಗೆ, ಕೊಡೆಗೆ ಹಿಡಿಕೆ ಇರುವಂತೆ ಅಂಟಿಕೊಂಡಿದ್ದರೆ ಹಾಡೆಬಳ್ಳಿ. ಅದರ ಎಲೆ ನೀರಲ್ಲಿ ಕಿವುಚಿಟ್ಟರೆ ಲೋಳೆ ಗಟ್ಟಿಯಾಗುತ್ತದೆ. ಎಲೆಗಳು ಎದುರುಬದುರಾಗಿ ಜೋಡಿಜೋಡಿ ಇದ್ದು, ಬಿಳಿ ಹೂವಿನ ಗೊಂಚಲು ಬಿಟ್ಟಿದ್ದರೆ ಅದು ಮೈಕೇನಿಯಾ. ಅಮೆರಿಕ ಖಂಡದಿಂದ ಬಂದ ಕಳೆ, ಸಿಕ್ಕ ಗಿಡವನ್ನೆಲ್ಲ ಮುಚ್ಚಿಹಾಕುತ್ತದೆ. ಬೀಜ ಉದುರುವ ಮೊದಲೇ ಬೇರು ಸಮೇತ ಕಿತ್ತುಹಾಕಿ.

ಕಷ್ಟ ಇರುವುದು ಅಮೃತಬಳ್ಳಿಯ ಸ್ವಂತ ದಾಯಾದಿ ಜೊತೆ. ಟಿನೋಸ್ಪೊರಾ ಕ್ರಿಸ್ಪಾ ಅಂತ, ಎಲೆ ಹೆಚ್ಚೂಕಮ್ಮಿ ಅದೇ. ಆದರೆ ಕಾಂಡ ಬೂದು ಬಣ್ಣ, ಮೈತುಂಬ ನರೂಲಿ ಎದ್ದ ಹಾಗೆ ಗಂಟುಗಳು, ಕತ್ತರಿಸಿದರೆ ಹಾಲಿನಂಥ ರಸ. ಅಮೃತಬಳ್ಳಿಯಲ್ಲಿ ಹಾಲು ಬರುವುದಿಲ್ಲ. ಹಣ್ಣು ಬಿಟ್ಟರಂತೂ ಗೊಂದಲವೇ ಇಲ್ಲ: ಅಮೃತಬಳ್ಳಿಯದು ಬಟಾಣಿಯಷ್ಟು ದುಂಡಗಿನ ಕೆಂಪು ಹಣ್ಣು, ಇದರದು ಉದ್ದುರುಟಿನ ಕಿತ್ತಳೆ ಬಣ್ಣದ್ದು. ಹಣ್ಣು ಹೆಣ್ಣುಬಳ್ಳಿಯಲ್ಲಿ ಮಾತ್ರ ಬಿಡುತ್ತದೆ, ಸುಮ್ನೆ ವರ್ಷಗಟ್ಟಲೆ ಕಾಯಬೇಡಿ. ನೀವು ನೆಡದೆ ಬಳ್ಳಿ ಬಂದಿದ್ದೂ ಈ ಹಣ್ಣಿನಿಂದಲೇ ಇರಬಹುದು, ಹಕ್ಕಿ ತಿಂದು ಬೀಜ ಹಾಕಿರುತ್ತದೆ.

ಇನ್ನು ಕಷಾಯ. ಗುರುತು ಸಿಕ್ಕಿದ ತಕ್ಷಣ ಕುಡಿಯಬಹುದು ಅಂತಲ್ಲ. ಕೋವಿಡ್ ಕಾಲದಲ್ಲಿ ಇದನ್ನು ದಿನಾ ಕುಡಿದವರು ಜಾಸ್ತಿ. 2021ರಲ್ಲಿ ಮುಂಬೈನ ವೈದ್ಯರು, ಇದನ್ನು ಸೇವಿಸಿದ 6 ಮಂದಿಗೆ ಲಿವರ್ ತೊಂದರೆ ಆದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಆದರೆ ಕ್ರಿಸ್ಪಾದಂಥ ಬಳ್ಳಿ ಹಾನಿ ಮಾಡಬಹುದು ಅಂತ 2022ರಲ್ಲಿ ಎಚ್ಚರಿಸಿತು. ನನ್ನ ಮಾತು ಕೇಳುವುದಾದರೆ, ಶುಗರ್ ಮಾತ್ರೆ ತಗೊಳ್ಳುವವರು, ಲಿವರ್ ಸಮಸ್ಯೆ ಇರುವವರು, ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ನಿಮಗೆ ಗೊತ್ತಾಗಲಿಲ್ಲ ಅಂದರೆ ಫೋಟೋ ಕಳಿಸಿ. ಬರೀ ಎಲೆಯದ್ದಲ್ಲ. ಹಳೇ ಕಾಂಡ, ಅಡ್ಡ ಕತ್ತರಿಸಿದ ತುಂಡು, ಎಲೆಯ ಹಿಂಬದಿ, ತೊಟ್ಟು ಸೇರುವ ಜಾಗ, ಎಲ್ಲವೂ ಬೇಕು. ಅಮೃತಬಳ್ಳಿಯೇ ಆಗಿದ್ದರೂ ನುಗ್ಗೆಮರದ ಮೇಲೆ ಪೂರ್ತಿ ಹಬ್ಬಲು ಬಿಡಬೇಡಿ, ನುಗ್ಗೆ ಕೊಂಬೆ ಲಟಕ್ಕಂತ ಮುರಿಯುತ್ತದೆ. ಕತ್ತರಿಸಿದ ಬಳ್ಳಿಯನ್ನು ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ, ಅಲ್ಲೇ ಚಿಗುರುತ್ತದೆ.