ಪಾಸ್ ಆಗುವ ಟೆಸ್ಟನ್ನೂ ತಿದ್ದಬೇಕೇಕೆ?

ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಎಂಬ ಸಾಫ್ಟ್‌ವೇರಿನ ಮೂಲ ಕೋಡಿನಲ್ಲಿ ‘ಟಿ’ ಎಂಬ ಒಂದಕ್ಷರದ ಡೈರೆಕ್ಟರಿ ಇದೆ. ಅದರ ತುಂಬ, ಕಮ್ಯಾಂಡುಗಳನ್ನು ಓಡಿಸುವ ಶೆಲ್‌ನಲ್ಲಿ ಬರೆದ ಟೆಸ್ಟ್ ಸ್ಕ್ರಿಪ್ಟುಗಳು. ಲಿನಸ್ ಟೊರ್ವಾಲ್ಡ್ಸ್ ಗಿಟ್ ಶುರು ಮಾಡಿದ್ದು 2005ರ ಏಪ್ರಿಲ್‌ನಲ್ಲಿ. ಜುಲೈ ಹೊತ್ತಿಗೆ ಜೂನಿಯೊ ಹಮಾನೊ ಅದರ ಮೇಂಟೇನರ್ (ಉಸ್ತುವಾರಿ) ಆದರು. ಟೆಸ್ಟುಗಳಲ್ಲಿ ಕೆಲವು ಆ ವರ್ಷದಷ್ಟೇ ಹಳೆಯವು. ಇವತ್ತಿಗೂ ಓಡುತ್ತವೆ, ಪಾಸೂ ಆಗುತ್ತವೆ. ಆದರೂ ಅವುಗಳ ಶೈಲಿ ತಿದ್ದುವ ಪ್ಯಾಚುಗಳು (ಬದಲಾವಣೆಯ ಪ್ರಸ್ತಾಪಗಳು) ಬರುತ್ತಲೇ ಇವೆ.

ಹಳೆಯ ಶೈಲಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಸಾಲಿನ ಕೊನೆಯ ಬ್ಯಾಕ್‌ಸ್ಲ್ಯಾಶ್, ಟ್ಯಾಬ್ ಬದಲು ಸ್ಪೇಸ್‌ಗಳು, ಬ್ಯಾಕ್‌ಟಿಕ್. ಇವು ಓದಲು ಕಿರಿಕಿರಿ, ಅಷ್ಟೇ. ಅಪಾಯ ಇರುವುದು ಬೇರೆ ಕಡೆ. ಗಿಟ್ ಕಮ್ಯಾಂಡಿನ ಔಟ್‌ಪುಟ್ಟನ್ನು ಪೈಪ್ ಮೂಲಕ, ಅಂದರೆ ನೇರವಾಗಿ, ಪಠ್ಯ ಹುಡುಕುವ ಗ್ರೆಪ್ ಕಮ್ಯಾಂಡಿಗೆ ಕೊಟ್ಟರೆ ಶೆಲ್ ನೋಡುವುದು ಗ್ರೆಪ್‌ನ ಎಕ್ಸಿಟ್ ಕೋಡನ್ನು (ಗೆಲುವೋ ಸೋಲೋ ಎಂದು ಹೇಳುವ ಸಂಖ್ಯೆ) ಮಾತ್ರ. ಬೇಕಾದ ಸಾಲನ್ನು ಮುದ್ರಿಸಿದ ಮೇಲೆ ಗಿಟ್ ಕ್ರ್ಯಾಶ್ ಆದರೂ ಟೆಸ್ಟ್ ಪಾಸ್! ಅದಕ್ಕೇ ರಿವ್ಯೂ ಮಾಡುವವರು ಔಟ್‌ಪುಟ್ಟನ್ನು ಮೊದಲು ಫೈಲಿಗೆ ಬರೆಸಿ, ಆಮೇಲೆ ಹುಡುಕಿ ಎನ್ನುತ್ತಾರೆ. ಕಮ್ಯಾಂಡ್ ವಿಫಲವಾಗಲೇಬೇಕು ಎಂದು ಪರೀಕ್ಷಿಸುವಾಗ ಮುಂದೆ ‘!’ (ಸೋಲನ್ನು ಗೆಲುವೆಂದು ತಿರುಗಿಸುವ ಚಿಹ್ನೆ) ಹಾಕುವುದೂ ಇಂಥದ್ದೇ ತಪ್ಪು: ಸೆಗ್‌ಫಾಲ್ಟ್ (ಮೆಮೊರಿ ತಪ್ಪಿನಿಂದಾಗುವ ಕ್ರ್ಯಾಶ್) ಆದರೂ ಅದು ‘ವಿಫಲ’ ಎಂದು ಒಪ್ಪಿಕೊಳ್ಳುತ್ತದೆ. ‘ಟೆಸ್ಟ್_ಮಸ್ಟ್_ಫೇಲ್’ ಎಂಬ ಸಹಾಯಕ ಫಂಕ್ಷನ್ ಕ್ರ್ಯಾಶನ್ನು ಬೇರೆಯಾಗಿಯೇ ಗುರುತಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘&&’ ಸರಪಳಿ. ಟೆಸ್ಟಿನೊಳಗಿನ ಕಮ್ಯಾಂಡುಗಳನ್ನೆಲ್ಲ ಇದರಿಂದ ಜೋಡಿಸಬೇಕು; ಹಿಂದಿನದು ಗೆದ್ದರೆ ಮಾತ್ರ ಮುಂದಿನದು ಓಡುತ್ತದೆ. ಒಂದು ಕಡೆ ಬಿಟ್ಟುಹೋದರೂ ಅದಕ್ಕೆ ಮುಂಚಿನ ಸೋಲೆಲ್ಲ ನುಂಗಿಹೋಗುತ್ತದೆ. ವರ್ಷಗಟ್ಟಲೆ ಇದನ್ನು ಹಿಡಿಯಲು ರಿವ್ಯೂ ಮಾಡುವವರ ಕಣ್ಣೇ ಗತಿಯಾಗಿತ್ತು, ಕಣ್ಣಿಗೆ ಇಂಥದ್ದು ಸುಲಭವಾಗಿ ತಪ್ಪುತ್ತದೆ. 2015ರಲ್ಲಿ ಗಿಟ್ ಡೆವಲಪರ್ ಜೆಫ್ ಕಿಂಗ್ ಒಂದು ಚಂದದ ಉಪಾಯ ತಂದರು. ಪ್ರತಿ ಟೆಸ್ಟಿನ ಮುಂದೆ, 117 ಎಂಬ ಕೋಡಿನೊಂದಿಗೆ ಸೋಲುವ ಪುಟ್ಟ ಕಮ್ಯಾಂಡೊಂದನ್ನು ‘&&’ ಹಾಕಿ ಅಂಟಿಸಿ ಓಡಿಸುವುದು. ಸರಪಳಿ ಗಟ್ಟಿಯಿದ್ದರೆ ಮುಂದಿನ ಯಾವುದೂ ಓಡದೆ 117 ಹಾಗೇ ಹೊರಬರುತ್ತದೆ. ಎಲ್ಲೋ ಕಡಿದಿದ್ದರೆ ಅದರಾಚೆಯ ಕಮ್ಯಾಂಡ್ ಓಡಿ ಬೇರೆ ಸಂಖ್ಯೆ ಬರುತ್ತದೆ, ಗುಟ್ಟು ರಟ್ಟಾಗುತ್ತದೆ. ಸಬ್‌ಶೆಲ್ (ಪ್ರತ್ಯೇಕ ಶೆಲ್ಲಿನಲ್ಲಿ ಓಡುವ ಕಮ್ಯಾಂಡುಗಳ ಗುಂಪು) ಒಳಗಿನ ಬಿರುಕು ಮಾತ್ರ ಇದಕ್ಕೆ ಕಾಣುತ್ತಿರಲಿಲ್ಲ. ಇನ್ನೊಬ್ಬ ಡೆವಲಪರ್ ಎರಿಕ್ ಸನ್‌ಶೈನ್ 2018ರಲ್ಲಿ ಸೆಡ್‌ನಲ್ಲಿ, 2022ರಲ್ಲಿ ಪರ್ಲ್‌ನಲ್ಲಿ ಬರೆದ ಪರಿಶೋಧಕಗಳು ಆ ಕೊರತೆ ತುಂಬಿದವು.

ಯಂತ್ರ ಹಿಡಿಯಲಾಗದ್ದು ಇನ್ನೂ ಮನುಷ್ಯರ ಪಾಲಿಗೇ ಇದೆ. ಫೈಲ್ ಇದೆಯೇ ಎಂದು ಬರಿಯ ‘ಟೆಸ್ಟ್ -ಎಫ್’ ಕೇಳಿದರೆ ಅದು ಸದ್ದಿಲ್ಲದೆ ಸೋಲುತ್ತದೆ. ‘ಟೆಸ್ಟ್_ಪಾತ್_ಈಸ್_ಫೈಲ್’ ಯಾವ ಫೈಲ್ ಇಲ್ಲವೆಂದು ಹೇಳಿ ಸೋಲುತ್ತದೆ. ಟೆಸ್ಟ್ ಮುರಿದಾಗ ಲಾಗ್ ಮುಂದೆ ಕೂತವರಿಗೆ ಈ ಒಂದು ಸಾಲು ಎಷ್ಟು ದೊಡ್ಡ ಉಪಕಾರ!

ಹಾಗೆಂದು ಸಿಕ್ಕಿದ್ದನ್ನೆಲ್ಲ ತಿದ್ದುವುದಕ್ಕೆ ಪ್ರಾಜೆಕ್ಟಿನ ಒಪ್ಪಿಗೆಯಿಲ್ಲ. ಈಗಾಗಲೇ ಪ್ರಾಜೆಕ್ಟಿಗೆ ಸೇರಿಹೋದ ಕೋಡನ್ನು ಶೈಲಿಗಾಗಿಯೇ ಕೆದಕುವುದು ಸುಮ್ಮನೆ ಗದ್ದಲ ಎಂಬ ಅಭಿಪ್ರಾಯ ಅದರ ಕೋಡಿಂಗ್ ಮಾರ್ಗಸೂಚಿಯಲ್ಲೇ ಇದೆ. ಬೇರೆ ಕೆಲಸಕ್ಕೆಂದು ಆ ಫೈಲನ್ನು ಮುಟ್ಟುವಾಗ ಮೊದಲು ಶುಚಿಗೊಳಿಸುವ ಪ್ಯಾಚ್, ಆಮೇಲೆ ಅಸಲಿ ಬದಲಾವಣೆ. ಎರಡೂ ಬೆರೆತರೆ ಸ್ಪೇಸ್ ಬದಲಾದ ನೂರಾರು ಸಾಲುಗಳ ನಡುವೆ ಅರ್ಥ ಬದಲಾದ ಒಂದು ಸಾಲು ಮುಚ್ಚಿಹೋಗುತ್ತದೆ. ನನ್ನ ಮಟ್ಟಿಗೆ ಈ ಇಡೀ ಪದ್ಧತಿಯಲ್ಲಿ ಅತಿ ಮುಖ್ಯವಾದ ಶಿಸ್ತು ಇದೇ.

ಹೊಸಬರನ್ನು ಮುಕ್ತ ತಂತ್ರಾಂಶದ ಕೆಲಸಕ್ಕೆ ಕರೆತರುವ ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಹಾಕುವವರಿಗೆ ಒಂದು ವಿನಾಯಿತಿಯಿದೆ. ಒಂದು ಹಳೆಯ ಸ್ಕ್ರಿಪ್ಟನ್ನು ಹೊಸ ಶೈಲಿಗೆ ತರುವುದನ್ನೇ ಅವರಿಗೆ ಮೊದಲ ಪುಟ್ಟ ಕೆಲಸವಾಗಿ ಸೂಚಿಸುವುದುಂಟು. ಕೋಡ್ ಸಣ್ಣದು, ಪ್ಯಾಚ್ ಕಳಿಸಿ, ಟೀಕೆ ಕೇಳಿ, ತಿದ್ದಿ ಮತ್ತೆ ಕಳಿಸುವ ಅಭ್ಯಾಸ ಪೂರ್ತಿ ಆಗುತ್ತದೆ.

ಪೈಪಿನ ಸೋಲನ್ನು ಶೆಲ್ಲೇ ಗಮನಿಸುವಂತೆ ಮಾಡುವ ‘ಪೈಪ್‌ಫೇಲ್’ ಆಯ್ಕೆ, ಶೆಲ್‌ಗಳು ಅನುಸರಿಸುವ ಪಾಸಿಕ್ಸ್ ಮಾನಕಕ್ಕೆ ಸೇರಿದ್ದು 2024ರಲ್ಲಷ್ಟೇ. ಹಳೆಯ ಶೆಲ್‌ಗಳಲ್ಲೂ ಓಡಬೇಕಾದ ಟೆಸ್ಟುಗಳು ಸದ್ಯಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ‘ಇಲ್ಲಿ ಪೈಪ್ ಬೇಡ, ಫೈಲಿಗೆ ಬರೆಸಿ’ ಎಂದು ರಿವ್ಯೂನಲ್ಲಿ ಯಾರಾದರೂ ಹೇಳುತ್ತಲೇ ಇರಬೇಕಾಗುತ್ತದೆ.